ಕೋಟಿನೊಳಗಿನ ಕೂಸು

ಅಕ್ಕಿ ಕೇರುತ್ತಾ ಕೂತಿದ್ದ ಮಗಳು ಎದ್ದು ನಿಂತಳು. ಸೀರೆಯ ಹಿಂಬದಿ ಒದ್ದೆ. ಪಕ್ಕದಲ್ಲೇ ನೀರಿನ ಕೊಡ ಇತ್ತಲ್ಲ, ಅದು ಚೆಲ್ಲಿರಬೇಕು ಅಂದುಕೊಂಡೆ. ನೋಡಿದರೆ ಕೊಡ ತುಂಬಿದ್ದು ತುಂಬಿದ ಹಾಗೇ ಇತ್ತು.

"ಅವ್ವಾ, ಇದು ನಿಲ್ತಾ ಇಲ್ಲ ಕಣವ್ವಾ," ಅಂದಳು.

ಇನ್ನೂ ಏಳೇ ತಿಂಗಳು.

ನಾನು ಅವಳನ್ನು ಕರೆದುಕೊಂಡು ಹೋಗಲಿಕ್ಕೆ ಅಂತ ಹಿಂದಿನ ದಿನವಷ್ಟೇ ನಮ್ಮೂರು ಶಿರಂಗಾಲದಿಂದ ಬಂದಿದ್ದೆ. ಚೊಚ್ಚಲು ತವರಿನಲ್ಲೇ ಆಗಬೇಕು. ಎಂಟರಲ್ಲಿ ಬಸುರಿಯನ್ನು ಊರು ದಾಟಿಸುವುದಿಲ್ಲ. ಅದಕ್ಕೇ ಏಳು ಮುಗಿಯುವುದರೊಳಗೆ ಹೋಗಿ ಮಡಿಲು ತುಂಬಿ ಕರೆತರೋಣ ಅಂತ ತಂಬಿಟ್ಟು ಕಟ್ಟಿಕೊಂಡು, ಹಸಿರು ಬಳೆ ಇಟ್ಟುಕೊಂಡು, ಬಸ್ಸಿನ ಮೇಲೆ ಬಸ್ಸು ಹತ್ತಿ ಬಂದವಳು ನಾನು. ತಂಬಿಟ್ಟಿನ ಗಂಟು ಇನ್ನೂ ಬಿಚ್ಚಿರಲಿಲ್ಲ.

ಮಗಳ ಹೆಸರು ದೇವೀರಿ. ಅವಳ ಗಂಡ ತಿತಿಮತಿ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಕೂಲಿಯವರ ಲೈನು ಮನೆಗಳಿಂದ ಸ್ವಲ್ಪ ಮೇಲೆ ಒಂದು ಕೋಣೆ, ಒಂದು ಅಡುಗೆಮನೆಯ ಹಂಚಿನ ಮನೆ ಕೊಟ್ಟಿದ್ದರು. ಆ ಸಣ್ಣ ಮನೆಯಲ್ಲಿ ನನಗೂ ಅಳಿಯನಿಗೂ ದೊಡ್ಡ ಕಷ್ಟ. ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ನಿಲ್ಲುವುದಿಲ್ಲ, ಮುಖ ಕೊಟ್ಟು ಮಾತಾಡುವುದಿಲ್ಲ. ಮದುವೆಯಾದಾಗಿನಿಂದ ಒಂದು ಮಾತು ನೇರವಾಗಿ ಆಡಿರಲಿಲ್ಲ. ನಾನು ಬಾಗಿಲ ಹಿಂದೆ ನಿಂತು, "ಅವರಿಗೆ ಇನ್ನೊಂಚೂರು ಮಜ್ಜಿಗೆ ಬೇಕೇನೋ ಕೇಳೇ," ಅನ್ನುವುದು. ಅವರು ಬಾಗಿಲ ಆಚೆಯೇ ಕೂತು, "ಸಾಕು ಅಂತ ಹೇಳು," ಅನ್ನುವುದು. ನಡುವೆ ದೇವೀರಿ ನಕ್ಕು ಸಾಯುವಳು. "ನಾನೇನು ನಿಮ್ಮಿಬ್ಬರಿಗೂ ಟಪಾಲು ಹೊರೋಳಾ?"

ಆವತ್ತು ಬೆಳಿಗ್ಗೆ ಅವಳು ನಗಲಿಲ್ಲ.

ಎಸ್ಟೇಟಿನ ಗೇಟಿನ ಹತ್ತಿರ ಚಾ ಅಂಗಡಿ ಇಟ್ಟಿದ್ದ ಮಲಯಾಳಿ ಮಾಪಿಳ್ಳೆಯ ಹೆಂಡತಿ ಆಯಿಸುಮ್ಮ ಓಡಿ ಬಂದಳು. ಲೈನಿನಲ್ಲಿ ಎಷ್ಟೋ ಹೆರಿಗೆ ಮಾಡಿಸಿದ ಕೈ ಅವಳದು. ದೇವೀರಿಯ ಹೊಟ್ಟೆ ಮುಟ್ಟಿ ನೋಡಿ, "ಮೋಳೇ, ನಿನ್ನ ಕುಟ್ಟಿಗೆ ಬಾರೀ ಅವಸರ," ಅಂದಳು. ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ.

ಹುಟ್ಟಿದ್ದು ಹೆಣ್ಣು. ತಲೆ ಒಂದು ಸಣ್ಣ ಮುದ್ದೆಯಷ್ಟು. ಕಾಲು ನನ್ನ ಹೆಬ್ಬೆರಳ ದಪ್ಪ. ಬೆನ್ನು, ಭುಜದ ಮೇಲೆಲ್ಲ ನವಿರು ಕೂದಲು. ಚರ್ಮದ ಕೆಳಗೆ ನರಗಳು ಎಳೆಎಳೆಯಾಗಿ ಕಾಣುತ್ತಿದ್ದವು. ನಾನೂ ಹೆತ್ತವಳು, ಊರಿನಲ್ಲಿ ಎಷ್ಟೋ ಹೆರಿಗೆಗೆ ದೀಪ ಹಿಡಿದು ನಿಂತವಳು. ಇಷ್ಟು ಚಿಕ್ಕ ಮನುಷ್ಯರನ್ನು ನೋಡಿರಲಿಲ್ಲ.

ಹುಟ್ಟಿದ ಮಗುವಿಗೆ ಮೊದಲು ನೀರು. ಇದರಲ್ಲಿ ನಮ್ಮವರು, ಆಯಿಸುಮ್ಮನವರು ಅಂತ ಭೇದವಿಲ್ಲ. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ ಬಿಸಿನೀರು ಹೊಯ್ಯುವುದು, ಸಾಂಬ್ರಾಣಿ ಹೊಗೆ ಕೊಡುವುದು, ಮೊರದಲ್ಲಿ ಹಳೇ ಸೀರೆ ಹಾಸಿ ಮಲಗಿಸಿ ಪಕ್ಕದಲ್ಲಿ ಕೆಂಡದ ಮಡಕೆ ಇಡುವುದು. ಹಾಗೇ ಮಾಡಿದೆವು. ಬೇರೆ ಏನು ಗೊತ್ತಿತ್ತು ನಮಗೆ?

ನೀರು ಹಾಕಿ ಒರೆಸುವಷ್ಟರಲ್ಲಿ ಮಗುವಿನ ತುಟಿ ನೀಲಿಯಾಯಿತು. ಕೆಂಡದ ಕಡೆಯ ಕೆನ್ನೆ ಬಿಸಿ. ಈಚೆ ಕಡೆಯ ಕೆನ್ನೆ ಕಲ್ಲಿನ ಹಾಗೆ ತಣ್ಣಗೆ.

"ಇಲ್ಲಿ ಕೊಡವ್ವ," ಅಂದಳು ದೇವೀರಿ.

"ಸುಮ್ಮನೆ ಮಲಗೇ. ಹಸಿ ಮೈ ನಿಂದು."

"ಕೊಡು ಅಂದೆ. ಇಷ್ಟು ದಿನ ನನ್ನ ಮೈಯೊಳಗೇ ಇತ್ತಲ್ಲ, ಆಗ ಯಾವ ಕೆಂಡ ಇಟ್ಟಿದ್ದೆ ನೀನು? ಒಳಗಿರಕ್ಕೆ ಆಗಲಿಲ್ಲ, ಹೊರಗಾದ್ರೂ ಅಂಟ್ಕೊಂಡಿರಲಿ."

ಕುಪ್ಪಸದ ಗಂಟು ಬಿಚ್ಚಿ ಮಗುವನ್ನು ಬರಿಮೈಯಲ್ಲಿ ಎದೆ ಮೇಲೆ ಕವುಚಿ ಹಾಕಿಕೊಂಡಳು. ಮೇಲೆ ಸೆರಗು, ಅದರ ಮೇಲೆ ಕಂಬಳಿ. ನಾನು ಬೈದೆ. ಆಯಿಸುಮ್ಮನೂ ಬೈದಳು. ದೇವೀರಿ ಕಣ್ಣು ಮುಚ್ಚಿಕೊಂಡಳು. ಒಂದು ಹೊತ್ತಿಗೆ ನಾನು ಕಂಬಳಿ ಎತ್ತಿ ನೋಡಿದರೆ, ಮಗುವಿನ ತುಟಿಗೆ ಬಣ್ಣ ಬಂದಿದೆ! ನಾನು ಕಂಬಳಿ ಮತ್ತೆ ಮುಚ್ಚಿದೆ. ಆಮೇಲೆ ಬೈಯಲಿಲ್ಲ. ಮಾರನೆಯ ದಿನದವರೆಗೂ ಮಗು ಅಲ್ಲಿಂದ ಕದಲಲಿಲ್ಲ.

ಅಳಿಯ ಹೊರಗೆ ಜಗಲಿಯಲ್ಲಿ. ಗಂಡಸರು ಬಾಣಂತಿಯ ಕೋಣೆಗೆ ಬರುವ ಹಾಗಿಲ್ಲ, ಹೆರಿಗೆಯ ಮೈಲಿಗೆ, ಪುರುಡು, ಕಳೆಯುವವರೆಗೆ ಮಗುವನ್ನು ಮುಟ್ಟುವ ಹಾಗಿಲ್ಲ. ಕೆಮ್ಮುವುದು ಕೇಳಿಸುತ್ತಿತ್ತು, ಅಷ್ಟೆ. ಕೆಮ್ಮು ಕಾಯಿಲೆಯದಲ್ಲ. ನಾನಿದ್ದೀನಿ ಅಂತ ತಿಳಿಸಲಿಕ್ಕೆ.

ಮಾರನೆಯ ದಿನ ಬೆಳಿಗ್ಗೆ ಗಂಜಿ ಕುಡಿಸಲಿಕ್ಕೆ ಅಂತ ದೇವೀರಿಯನ್ನು ಎಬ್ಬಿಸಿದೆ. ಹಾಸಿದ್ದ ಬಟ್ಟೆ ಕೆಂಪಾಗಿತ್ತು. ಕೆಳಗಿನ ಚಾಪೆಯೂ. ಚಾಪೆಯ ಕೆಳಗಿನ ಸಗಣಿ ನೆಲವೂ.

ಮುಖ ನೋಡಿದೆ. ಸುಣ್ಣ.

ಎಸ್ಟೇಟಿನ ಡಿಸ್ಪೆನ್ಸರಿಯ ಕಾಂಪೌಂಡರು ಓಡಿ ಬಂದರು. ಬಾಗಿಲಲ್ಲೇ ನಿಂತು ಒಂದು ಸಲ ನೋಡಿದವರು ಪುರುಡು ಗಿರುಡು ಅನ್ನದೆ ಒಳಗೇ ನುಗ್ಗಿದರು. ಮಾಸಿನ ಚೂರು ಒಳಗೆ ಉಳಿದಿದೆ, ವಿರಾಜಪೇಟೆಯ ಆಸ್ಪತ್ರೆಗೆ ಈಗಲೇ ಹೋಗಬೇಕು ಅಂದರು. ಏನೋ ಮಿಕ್ಸ್ಚರು ಕುಡಿಸಿದರು. ನನ್ನ ಎರಡೂ ಕೈ ಹಿಡಿದು ಮಗಳ ಹೊಟ್ಟೆಯ ಮೇಲಿಟ್ಟರು.

"ಇಲ್ಲಿ ಗಟ್ಟಿ ಉಂಡೆ ಹಾಗೆ ಸಿಗ್ತದಲ್ಲ, ಇದನ್ನು ಒತ್ತಿ ತಿಕ್ತಾ ಇರಿ. ಮೆತ್ತಗಾಗಕ್ಕೆ ಬಿಡಬೇಡಿ. ದಾರೀಲಿ ಏನೇ ಆದರೂ ಕೈ ತೆಗೀಬೇಡಿ. ತೆಗೆದರೆ ಮತ್ತೆ ಹರಿಯುತ್ತೆ."

ಎಸ್ಟೇಟಿನ ಲಾರಿ ಬಂತು. ಯುದ್ಧ ಶುರುವಾದ ಮೇಲೆ ಪೆಟ್ರೋಲು ಸಿಗದೆ ಗಾಡಿಗಳಿಗೆ ಇದ್ದಿಲಿನ ಒಲೆ ಕಟ್ಟಿದ್ದರಲ್ಲ, ಅಂಥ ಲಾರಿ. ಕಾಫಿ ಮೂಟೆಗಳ ಮೇಲೆ ಹಾಸಿಗೆ ಹಾಕಿ ದೇವೀರಿಯನ್ನು ಮಲಗಿಸಿದರು. ನಾನು ಪಕ್ಕದಲ್ಲಿ ಮಂಡಿಯೂರಿ ಎರಡೂ ಕೈ ಹೊಟ್ಟೆಯ ಮೇಲೆ. ಆಯಿಸುಮ್ಮನ ಮನೆಯಲ್ಲಿ ಅವಳದೇ ಮಗುವಿಗೆ ಜ್ವರ, ಅವಳು ಬರುವ ಹಾಗಿರಲಿಲ್ಲ. ನಮ್ಮ ಕೂಸನ್ನು ಅವಳೇ ಹತ್ತಿಯಲ್ಲಿ ಸುತ್ತಿ, ಉಣ್ಣೆಯ ಬಟ್ಟೆಯಲ್ಲಿ ಗಂಟು ಮಾಡಿ ಅಳಿಯನ ಕೈಗೆ ಇಟ್ಟಳು. "ಹಿಡೀರಿ ರೈಟರೇ. ಕಚ್ಚೂದಿಲ್ಲ."

ಅವರು ನನಗೆ ಬೆನ್ನು ಹಾಕಿ ಲಾರಿಯ ಹಲಗೆಗೆ ಮುಖ ಮಾಡಿ ಕೂತರು. ಅತ್ತೆಯ ಮರ್ಯಾದೆ. ಗಂಟನ್ನು ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿ ಹಿಡಿದಿದ್ದರು, ಮಂಗಳಾರತಿ ತಟ್ಟೆ ಹಿಡಿದ ಹಾಗೆ.

ಮಂಜು ಇನ್ನೂ ಬಿಟ್ಟಿರಲಿಲ್ಲ. ಕಾಫಿ ಹಣ್ಣು ಕುಯ್ಯುವ ಪಿಕಿಂಗ್ ಕಾಲದ ಚಳಿ. ಲಾರಿ ಹೊರಟರೆ ಗಾಳಿ ಮುಖ ಕುಯ್ಯುತ್ತಿತ್ತು. ಏರು ಬಂದ ಕಡೆಯಲ್ಲೆಲ್ಲ ಲಾರಿ ಉಸಿರುಕಟ್ಟಿ ನಿಲ್ಲುವುದು, ಕ್ಲೀನರು ಇಳಿದು ಒಲೆ ಕೆದಕುವುದು. ಹೊಗೆ ಎಲ್ಲ ನಮ್ಮ ಮೇಲೆ. ನಾನು ಕೈ ತೆಗೆಯಲಿಲ್ಲ. ಒಂದು ಸಲ ಹೊಟ್ಟೆ ಮೆತ್ತಗಾಯಿತು, ತಿಕ್ಕಿದೆ, ಮತ್ತೆ ಗಟ್ಟಿಯಾಯಿತು. ಕಾವೇರಮ್ಮಾ, ಕಾವೇರಮ್ಮಾ ಅಂತ ಬಾಯಿ ಹೇಳುತ್ತಿತ್ತು, ಕೈ ತನ್ನ ಪಾಡಿಗೆ ತಿಕ್ಕುತ್ತಿತ್ತು.

ಒಂದು ತಿರುವಿನಲ್ಲಿ ಅಳಿಯ ಪಕ್ಕಕ್ಕೆ ವಾಲಿದರು. ಗಂಟಿನ ಬಾಯಿ ಸರಿದು ಮಗುವಿನ ಮುಖ ನನಗೆ ಕಂಡಿತು.

ನೇರಳೆ ಹಣ್ಣಿನ ಬಣ್ಣ.

ನಾನು ದೇವೀರಿಯ ಕಿವಿಗೆ ಬಗ್ಗಿದೆ. "ದೇವೀರಿ, ಮಗು ಮುಖ ನೋಡಕ್ಕೆ ಹೇಳೇ ಅವರಿಗೆ." ರೂಢಿ ಅನ್ನುವುದು ನೋಡಿ. ಅವಳಿಗೆ ಎಚ್ಚರವೇ ಇರಲಿಲ್ಲ.

ಲಾರಿಯ ಹಲಗೆಗೆ ಹೇಳಿದೆ. "ಮಗು ಮುಖ ಯಾರಾದರೂ ನೋಡಬಾರದಾ?"

ಅವರು ನೋಡಿದರು. ಅವರೂ ಹಲಗೆಗೇ ಹೇಳಿದರು. "ನೀಲಿಯಾಗಿದೆ."

ನನ್ನ ಎರಡು ಕೈ ಮಗಳ ಜೀವ ಹಿಡಿದುಕೊಂಡಿದ್ದವು. ಮೊಮ್ಮಗಳಿಗೆ ಕೈ ಎಲ್ಲಿಂದ ತರಲಿ? ಎದೆ ಕೊಡಲಿಕ್ಕೆ ಕೈ ಬೇಕಲ್ಲ. ಅವಳನ್ನು ಬಿಟ್ಟರೆ ಅವಳು ಹೋಗುತ್ತಾಳೆ. ಇವಳನ್ನು ಬಿಟ್ಟರೆ ಇವಳು.

"ಅಂಗಿ ಬಿಚ್ಚಿ," ಅಂದೆ.

ಅಳಿಯನಿಗೆ ನಾನು ಆಡಿದ ಮೊದಲ ಮಾತು ಅದು.

ಅವರಿಗೆ ಅರ್ಥವಾಗಲಿಲ್ಲ. ಗಂಟು ತೊಡೆ ಮೇಲಿಟ್ಟು, ಕೋಟು ಬಿಚ್ಚಿ, ತಿರುಗದೆಯೇ ಹಿಂದಕ್ಕೆ ಚಾಚಿದರು. "ಸುತ್ತಕ್ಕಾ?"

"ಬಟ್ಟೆ ಅಲ್ಲ ಅಳಿಯಂದಿರೇ! ಮೈ. ನಿಮ್ಮ ಮೈ ಬೇಕು. ಅವಳು ನಿನ್ನೆ ಹಾಕ್ಕೊಂಡಿದ್ದಳಲ್ಲ ಎದೆಗೆ, ಹಂಗೆ."

ಅವರು ತಿರುಗಿದರು. ನನ್ನ ಮುಖ ನೋಡಿದರು. ನಾನೂ ನೋಡಿದೆ. ಗಡ್ಡ ಬಂದಿತ್ತು, ಕಣ್ಣು ಕೆಂಪಾಗಿತ್ತು, ಎಷ್ಟು ಚಿಕ್ಕ ಹುಡುಗ ಅನ್ನಿಸಿತು. ಇವರಿಗೆ ಮಗಳನ್ನು ಕೊಟ್ಟಾಗಲೂ ಮುಖ ಸರಿಯಾಗಿ ನೋಡಿರಲಿಲ್ಲ ನಾನು.

"ಪುರುಡು..." ಅಂದರು.

"ಮಗು ಉಳೀಲಿ. ಪುರುಡು ಆಮೇಲೆ ಕಳೆಯಣ."

ಅಂಗಿ, ಬನಿಯನ್ನು ಎರಡನ್ನೂ ಕಿತ್ತು ಹಾಕಿದರು. ಹತ್ತಿ ಬಿಚ್ಚಿ, ಬರಿಮೈ ಮಗುವನ್ನು ಎತ್ತಿ ಎದೆಯ ಮೇಲೆ ಕವುಚಿಕೊಂಡರು. ತಣ್ಣಗಿತ್ತೇನೋ, ಒಂದು ಸಲ ಮೈ ಜುಮ್ಮೆಂದು ನಡುಗಿತು. ಮೇಲೆ ಕೋಟು ಹಾಕಿ ಗುಂಡಿ ಹಾಕಿಕೊಂಡರು. ಉಣ್ಣೆಯ ಬಟ್ಟೆಯಲ್ಲಿ ಮಗುವಿನ ತಲೆ ಮುಚ್ಚಿದರು. ಮುಂದಿನಿಂದ ಡ್ರೈವರು ಕೂಗಿ ಕೇಳಿದ. "ಏನಾಯ್ತು ರೈಟರೇ?"

"ಓಡ್ಸು ನೀನು," ಅಂದರು. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದು ನಾನು ಕೇಳಿರಲಿಲ್ಲ.

ಗೋಣಿಕೊಪ್ಪ ದಾಟಿತು. ಮಗು ಹೇಗಿದೆ ಅಂತ ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಅಂತ ಭಯ. ಮಗಳ ಹೊಟ್ಟೆ ತಿಕ್ಕುತ್ತಾ ಅವರ ಕೋಟಿನ ಗುಂಡಿಯನ್ನೇ ನೋಡುತ್ತಿದ್ದೆ. ಅದು ಏರುವುದು, ಇಳಿಯುವುದು. ಉಸಿರು ಅಪ್ಪನದೋ ಮಗಳದೋ ಹೇಗೆ ತಿಳಿಯುವುದು?

"ಅತ್ತೆ," ಅಂದರು ಒಮ್ಮೆಗೇ. "ಪರಚ್ತಾ ಅದೆ."

"ಏನು?"

"ಉಗುರಲ್ಲಿ. ಪರಚ್ತಾ ಅದೆ ಅತ್ತೆ." ಇನ್ನೊಂದು ಗಳಿಗೆಗೆ ಅವರ ಮುಖ ಒಂಥರಾ ಆಯಿತು. "ಒದ್ದೆ ಮಾಡ್ತು."

ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಉಚ್ಚೆ ಹೊಯ್ಯುವ ಮಗು ಸತ್ತಿರುವುದಿಲ್ಲ. ಅಷ್ಟು ನನಗೆ ಗೊತ್ತು!

ಆಸ್ಪತ್ರೆಯಲ್ಲಿ ದೇವೀರಿಯನ್ನು ನನ್ನ ಕೈಯ ಕೆಳಗಿನಿಂದಲೇ ಎತ್ತಿಕೊಂಡು ಆಪರೇಷನ್ ಥಿಯೇಟರಿಗೆ ಹೋದರು. ಡಾಕ್ಟರು ನನ್ನ ಕೈ ಬಿಡಿಸಬೇಕಾಯಿತು. ಬೆರಳು ಹಾಗೇ ಸೆಟೆದುಕೊಂಡಿದ್ದವು. ನಾನು ವರಾಂಡದಲ್ಲಿ ನಿಂತೆ, ಕೈ ಖಾಲಿ.

ನರ್ಸಮ್ಮ ಬಂದು ಅಳಿಯನ ಕೋಟಿನೊಳಗೆ ಇಣುಕಿ ನೋಡಿ ಬೆಚ್ಚಿಬಿದ್ದಳು. "ಅಯ್ಯೋ, ಮಗು! ಗಂಟು ಏನೋ ಅಂದ್ಕೊಂಡಿದ್ದೆ." ಎತ್ತಿಕೊಂಡು ಹೋಗಿ ಪೆಟ್ಟಿಗೆಯೊಂದರಲ್ಲಿ ಹತ್ತಿ ತುಂಬಿ, ಎರಡು ಪಕ್ಕಕ್ಕೆ ಬಿಸಿನೀರಿನ ಬಾಟಲಿ ಇಟ್ಟು ಮಲಗಿಸಿದಳು. ಒಳ್ಳೆಯ ಹೆಂಗಸು, ತಾನೇ ಓಡಾಡಿ ನೀರು ಬದಲಿಸಿದಳು. ಆದರೆ ವಾರ್ಡು ತುಂಬ ಜನ, ಅವಳೊಬ್ಬಳು. ಬಾಟಲಿ ಆರಿದ ಹಾಗೆ ಮಗುವಿನ ಕಾಲೂ ಆರುತ್ತಿತ್ತು. ನಾನು ನನ್ನ ಎದೆಗೆ ಹಾಕಿಕೊಂಡೆ. ನನ್ನದು ಬರೀ ಎಲುಬಿನ ಎದೆ, ಮಗು ನಿಲ್ಲದೆ ಜಾರಿತು. ಕೊನೆಗೆ ನರ್ಸಮ್ಮನೇ, "ಹೋಗ್ಲಿ, ಅವರ ಹತ್ರಾನೇ ಕೊಡಿ," ಅಂದಳು.

ಡಾಕ್ಟರು ಥಿಯೇಟರಿನಿಂದ ಹೊರಗೆ ಬಂದಾಗ ವರಾಂಡದ ಬೆಂಚಿನ ಮೇಲೆ ಈ ಸಂಸಾರ. "ಏನ್ರೀ ಇದು?" ಅಂದರು.

ನಾನೇ ಹೇಳಿದೆ. ಬಾಯಿ ಬಿಟ್ಟುಹೋಗಿತ್ತಲ್ಲ, ಇನ್ನು ಯಾರ ಎದುರಾದರೇನು.

ಡಾಕ್ಟರು ಕೋಟಿನೊಳಗೆ ಕೈ ಹಾಕಿ ಮಗುವಿನ ಬೆನ್ನು ಮುಟ್ಟಿದರು. ಪಾದ ಮುಟ್ಟಿದರು. ಸ್ಟೆತಸ್ಕೋಪ್ ಇಟ್ಟರು. "ದೊಡ್ಡ ಊರುಗಳಲ್ಲಿ ಇಂಥ ಮಕ್ಕಳಿಗೆ ಗಾಜಿನ ಪೆಟ್ಟಿಗೆ ಇರುತ್ತೆ. ನಮ್ಮಲ್ಲಿಲ್ಲ. ಬೆಚ್ಚಗಂತೂ ಇದೆ. ಇರಲಿ. ಕೆಮ್ಮು ನೆಗಡಿ ಇರೋರು ಹತ್ರ ಬರಬಾರದು. ಸ್ನಾನ ಬೇಡ." ಹೋಗುತ್ತಿದ್ದವರು ನಿಂತು ಹೇಳಿದರು. "ತಾಯಿ ಉಳೀತಾಳೆ. ಮಗು ಉಳಿಯುತ್ತೆ ಅಂತ ನಾನು ಈಗ ಹೇಳಲ್ಲ ಅಮ್ಮ."

ತಾಯಿ ಉಳೀತಾಳೆ ಅಂದದ್ದು ಮಾತ್ರ ನನ್ನ ಕಿವಿಗೆ ಬಿತ್ತು. ಉಳಿದದ್ದು ಆಮೇಲೆ ಬಿತ್ತು.

ದೇವೀರಿಗೆ ಎಚ್ಚರವಾದಾಗ ಮೊದಲು ಎದೆ ತಡವಿಕೊಂಡಳು. ಕುಪ್ಪಸದೊಳಗೆ ಕೈ ಹಾಕಿ ಹುಡುಕಿದಳು. ಏನೂ ಇರಲಿಲ್ಲ.

"ಹೋಯ್ತಾ?" ಅಂದಳು.

"ಇಲ್ಲ ಕಣೇ! ಅದೆ. ಅವರ ಹತ್ರ ಅದೆ. ಅವರ ಕೋಟಿನೊಳಗೆ."

"ಯಾರ?"

"ನಿನ್ನ ಗಂಡ ಕಣೇ. ನಾನೇ ಅಂಗಿ ಬಿಚ್ಚಿ ಅಂದೆ. ಬಿಚ್ಚಿದರು. ಬರಿಮೈಗೆ ಹಾಕ್ಕೊಂಡವರೆ."

ನನ್ನನ್ನೇ ನೋಡಿದಳು. ಆಮೇಲೆ ಗೋಡೆ ಕಡೆ ತಿರುಗಿಕೊಂಡಳು. "ನೀನು ಅವರ ಹತ್ರ ಮಾತಾಡಿದೆಯಾ? ಅವರು ನಿನ್ನ ಎದುರು ಬರಿಮೈಯಲ್ಲಿ ಕೂತಿದ್ರಾ? ಸುಳ್ಳು ಹೇಳಕ್ಕಾದರೂ ಒಂಚೂರು ಬರಬೇಕು ಕಣವ್ವ ನಿಂಗೆ."

ನಾನು ಆಣೆ ಇಟ್ಟೆ. ಅವಳು ಕೇಳಲಿಲ್ಲ. ಗಂಜಿ ತಂದರೆ ಬಾಯಿ ಬಿಗಿದಳು. ಎದೆಯಲ್ಲಿ ಹಾಲು ಇಳಿದಿರಲಿಲ್ಲ. ಮಗುವಿಗೆ ಗ್ಲೂಕೋಸ್ ನೀರು ಹನಿಹನಿ ಬಿಡುತ್ತಿದ್ದೆವು. ತಾಯಿ ಹಾಲು ಬರದಿದ್ದರೆ ಕಷ್ಟ ಅಂತ ನರ್ಸಮ್ಮ ಮೆಲ್ಲಗೆ ಹೇಳಿದಳು. ಮಗುವನ್ನು ತಂದು ತೋರಿಸೋಣ ಅಂದರೆ, ಆ ವಾರ್ಡಿನಲ್ಲಿ ಯಾವುದೋ ಮಗುವಿಗೆ ನಾಯಿಕೆಮ್ಮು. ಗಂಡಸರು ಹೆಂಗಸರ ವಾರ್ಡಿಗೆ ಕಾಲಿಡುವ ಹಾಗಿಲ್ಲ. ಇವಳು ಏಳುವ ಹಾಗಿಲ್ಲ. ಸತ್ತಿಲ್ಲದ ಮಗುವಿಗೆ ಇವಳು ಅಳುತ್ತಾ ಇದ್ದಾಳೆ. ಅಳುತ್ತಾ ಅಳುತ್ತಾ ಇವಳ ಹಾಲು ಬತ್ತಿದರೆ ಆ ಮಗು ನಿಜವಾಗಿ ಸಾಯುತ್ತದೆ.

ನನಗೆ ತಲೆ ಕೆಟ್ಟುಹೋಯಿತು. ಅವಳ ಮಂಚದ ಕಾಲು ಹಿಡಿದು ಎಳೆಯತೊಡಗಿದೆ.

"ಏನ್ಮಾಡ್ತಿದ್ದೀರಿ ಅಮ್ಮ?" ಅಂತ ನರ್ಸಮ್ಮ ಓಡಿ ಬಂದಳು.

"ಕಿಟಕಿಗೆ," ಅಂದೆ. "ಇವಳ ಮಂಚ ಕಿಟಕಿಗೆ ಹಾಕಿ. ಅವರು ಆ ಕಡೆ ನಿಲ್ಲಲಿ."

ನರ್ಸಮ್ಮ ಇನ್ನೊಂದು ಕಡೆ ತಾನು ಹಿಡಿದಳು. ವರಾಂಡದ ಕಡೆಯ ಕಿಟಕಿಯ ಹತ್ತಿರ ಮಂಚ ಎಳೆದೆವು. ನಾನು ಕಿಟಕಿಯ ಗಾಜಿನಿಂದಲೇ ಕೈ ಮಾಡಿ ಕರೆದೆ. ಅಳಿಯ ಬಂದು ನಿಂತರು. ವಾರ್ಡಿನ ಹೆಂಗಸರೆಲ್ಲ ನೋಡುತ್ತಿದ್ದಾರೆ. ಅವರ ಕಿವಿ ಕೆಂಪಾಯಿತು. ಬಿಸಿಲು ಬೀಳುತ್ತಿತ್ತು ಅವರ ಮೇಲೆ.

ಒಂದು ಗುಂಡಿ ಬಿಚ್ಚಿದರು. ಇನ್ನೊಂದು.

ಎದೆಯ ಕೂದಲ ನಡುವೆ ಒಂದು ಪುಟ್ಟ ತಲೆ. ಬಿಸಿಲಿಗೆ ಮುಖ ಕಿವುಚಿಕೊಂಡಿತು. ಬಾಯಿ ಬಿಟ್ಟು ಅಪ್ಪನ ಎದೆಯ ಮೇಲೆ ಆ ಕಡೆ ಈ ಕಡೆ ತಡಕಾಡಿತು. ಸಿಕ್ಕಿದ್ದನ್ನು ಹಿಡಿದುಕೊಂಡಿತು. ಪಾಪ, ಅವರು ಹೌಹಾರಿ ಒಂದು ಹೆಜ್ಜೆ ಹಿಂದೆ ಸರಿದರು!

ವಾರ್ಡೆಲ್ಲ ಗೊಳ್ಳೆಂದಿತು.

ದೇವೀರಿ ನಗಲಿಲ್ಲ, ಅಳಲಿಲ್ಲ. ಗಾಜಿಗೆ ಅಂಗೈ ಒತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೆ, "ಅವ್ವಾ," ಅಂತ ತನ್ನ ಕುಪ್ಪಸ ನೋಡಿಕೊಂಡಳು. ಎರಡೂ ಕಡೆ ನೆನೆದಿತ್ತು. ಹಾಲು ತಾನಾಗಿ ಇಳಿಯುತ್ತಿತ್ತು.

ಆ ಹಾಲನ್ನು ಬಟ್ಟಲಿಗೆ ಹಿಂಡಿ, ನರ್ಸಮ್ಮ ಕೊಟ್ಟ ಫಿಲ್ಲರಿನಲ್ಲಿ ಹನಿಹನಿಯಾಗಿ ಮಗುವಿಗೆ ಬಿಟ್ಟೆವು. ಬಿಡುವವಳು ನಾನು, ಹಿಡಿದು ಕೂರುವವರು ಅವರು. ಮಾತಾಡದೆ ಆಗುತ್ತದೆಯೇ? "ತಲೆ ಎತ್ತಿ," "ಸಾಕು ಅತ್ತೆ, ಉಗುಳ್ತಾ ಅದೆ," "ನೀವು ಊಟ ಮಾಡಿ ಬನ್ನಿ," "ನೀವು ಮೊದಲು ಹೋಗಿ." ಎಷ್ಟೋ ದಿನದ ಮಾತು ಬಾಕಿ ಇತ್ತೇನೋ. ಅವರಿಗೆ ಅಮ್ಮ ಇಲ್ಲ ಅನ್ನುವುದು ಗೊತ್ತಿತ್ತು. ಹೆತ್ತ ದಿನವೇ ಹೋದಳು ಅನ್ನುವುದು ಆ ಬೆಂಚಿನ ಮೇಲೆ ತಿಳಿಯಿತು. "ನನ್ನ ಯಾರು ಹಿಂಗೆ ಇಟ್ಕೊಂಡಿದ್ರೋ ಗೊತ್ತಿಲ್ಲ," ಅಂದರು. ನಾನು ಹಾಲಿನ ಬಟ್ಟಲು ನೋಡುತ್ತಾ ಕೂತೆ.

ತನ್ನ ಮಗುವಿನ ಜ್ವರ ಬಿಟ್ಟ ಮೇಲೆ ಆಯಿಸುಮ್ಮ ಬಸ್ಸು ಹತ್ತಿ ನೋಡಲು ಬಂದಳು. ದೂರದಿಂದಲೇ ಕೂಗಿದಳು. "ಎಂತ ರೈಟರೇ, ಹಾಲು ಬಂತಾ ನಿಮಗೆ?"

"ಇವತ್ತು ಸ್ವಲ್ಪ ಕಡಿಮೆ," ಅಂದರು ಅಳಿಯ! ಹೀಗೆ ತಮಾಷೆ ಮಾಡುವ ಮನುಷ್ಯ ಅಂತ ನನಗೆ ಹೇಗೆ ಗೊತ್ತಾಗಬೇಕು, ಬಾಗಿಲ ಹಿಂದೆ ನಿಂತು?

ಎಲ್ಲ ಸರಾಗ ಆಯಿತು ಅಂತ ಅಲ್ಲ. ಒಂದು ದಿನ ಮಗು ಉಸಿರು ಮರೆತುಬಿಟ್ಟಿತು. ಹೌದು, ಮರೆತೇ ಬಿಟ್ಟಿತು. ಕೋಟಿನೊಳಗೆ ಸುಮ್ಮನಾಯಿತು. ಅಳಿಯ ಅದರ ಬೆನ್ನು ತಟ್ಟಿದರು, ಅಂಗಾಲು ತಿಕ್ಕಿದರು. ಕೊನೆಗೆ ಸಣ್ಣದಾಗಿ ಕೊಸರಾಡಿತು. ಬೇರೆ ಕಡೆ ಮಲಗಿದ್ದರೆ ಅದು ಸುಮ್ಮನಾದದ್ದು ಯಾರಿಗೆ ಗೊತ್ತಾಗುತ್ತಿತ್ತು?

ದೇವೀರಿಗೆ ಎದ್ದು ಕೂರುವ ಶಕ್ತಿ ಬಂದ ಮೇಲೆ ಡಾಕ್ಟರು ಅವಳನ್ನು ಕೊನೆಯ ಸಣ್ಣ ಕೋಣೆಗೆ ಹಾಕಿಸಿದರು. ಅಲ್ಲಿ ಮಗು ಅಪ್ಪನ ಎದೆಯಿಂದ ಅಮ್ಮನ ಎದೆಗೆ ಹೋಯಿತು. ನಡುವೆ ಬಟ್ಟೆ ಇಲ್ಲ, ಗಾಳಿ ಇಲ್ಲ. ಗಂಡ ಹೆಂಡತಿ ಇಬ್ಬರೂ ಎದೆಗೆ ಎದೆ ತಾಗಿಸಿ, ಒಬ್ಬರಿಂದ ಒಬ್ಬರಿಗೆ ಜಾರಿಸಿದರು. ನಾನು ಅಲ್ಲೇ ಇದ್ದೆ. ಹೊರಗೆ ಹೋಗಬೇಕಿತ್ತು. ಹೋಗಲಿಲ್ಲ. ನಾಚಿಕೆಯೂ ಆಗಲಿಲ್ಲ.

ಈಗ ತಾಯಿ ಮಗು ಇಬ್ಬರೂ ಶಿರಂಗಾಲದಲ್ಲಿ ನನ್ನ ಹತ್ತಿರ ಇದ್ದಾರೆ. ಮಗು ತಾನೇ ಹಾಲು ಕುಡಿಯುತ್ತದೆ, ಕುಡಿದು ಸುಸ್ತಾಗಿ ನಿದ್ದೆ ಹೋಗುತ್ತದೆ. ನೋಡಲು ಬಂದ ಹೆಂಗಸರು, "ಅಳಿಯ ಬಾಣಂತನ ಮಾಡಿದನಂತಲ್ಲ," ಅಂತ ಸೆರಗಲ್ಲಿ ನಗುತ್ತಾರೆ. ನಗಲಿ. ನಾನೇ ಮೊದಲು ನಗುತ್ತೇನೆ. ಅತ್ತೆ ಅಳಿಯ ಮಾತಾಡುತ್ತಾರಂತೆ ಅಂತ ನನ್ನ ಓರಗಿತ್ತಿ ಮೂಗು ಮುರಿದಳು. ಮುರಿಯಲಿ. ಡಾಕ್ಟರು ಈ ಮಳೆಗಾಲ ದಾಟಲಿ, ಆಮೇಲೆ ನೋಡೋಣ ಅಂದಿದ್ದಾರೆ. ಮಳೆ ಇನ್ನೂ ಹಿಡಿದಿಲ್ಲ. ಹಾಗಾಗಿ ನಾನು ಏನೂ ದೊಡ್ಡದಾಗಿ ಹೇಳುವುದಿಲ್ಲ. ಇವತ್ತು ಇದೆ. ಬೆಚ್ಚಗಿದೆ.

ಹೋದ ಭಾನುವಾರ ಅಳಿಯ ಬಂದಿದ್ದರು. ಮಗು ಅಳುತ್ತಿತ್ತು. ಅವರ ಮುಖ ನೋಡಿ ಇನ್ನೂ ಜೋರಾಗಿ ಅತ್ತಿತು, ಗುರುತು ಸಿಗಲಿಲ್ಲ. ಅವರು ಕೈಕಾಲು ತೊಳೆದು ಬಂದು, ನಡುಮನೆಯ ಕಂಬಕ್ಕೆ ಒರಗಿ ಕೂತು, ಯಾರೂ ಹೇಳದೆ ಅಂಗಿ ಬಿಚ್ಚಿ ಎದೆಗೆ ಹಾಕಿಕೊಂಡರು. ಸದ್ದು ನಿಂತಿತು. ಕಿವಿ ಎದೆಗೆ ಒತ್ತಿಕೊಂಡು ಕಣ್ಣು ಬಿಟ್ಟುಕೊಂಡು ಏನೋ ಕೇಳುತ್ತಾ ಇತ್ತು.

ಹಾಲಿನ ಹೊತ್ತಾಗಿತ್ತು. "ಅವ್ವಾ, ಮಗೂನ ತಗೊಂಡು ಬಾ," ಅಂತ ದೇವೀರಿ ಒಳಗಿಂದ ಕೂಗಿದಳು.

ನಾನು ಅಲ್ಲೇ ನಿಂತಿದ್ದೆ. "ಇರೇ, ಒಂದು ಗಳಿಗೆ," ಅಂದೆ.